ಎದೆಯೊಳಗಿನ ತೂಬು

ಹೃದಯ ಎಲ್ಲಿದೆ ಎಂದು ಕೇಳಿದರೆ ಜನ ಎಡ ಎದೆಯ ಮೇಲೆ ಕೈಯಿಡುತ್ತಾರೆ. ಅದು ಹೆಚ್ಚುಕಡಿಮೆ ನಡುವೆಯೇ ಇದೆ, ತುದಿ ಮಾತ್ರ ಎಡಕ್ಕೆ ವಾಲಿದೆ ಎಂದು ನಾನು ವರ್ಷಗಟ್ಟಲೆ ಹೇಳಿದೆ. ಒಬ್ಬರೂ ಕೈ ಬದಲಿಸಲಿಲ್ಲ. ಈಗ ನನ್ನದೇ ಕೆಟ್ಟು ಕೂತ ಮೇಲೆ ಗಮನಿಸಿದರೆ, ನನ್ನ ಕೈಯೂ ಎಡಕ್ಕೇ ಹೋಗುತ್ತದೆ.

ನಾನು ಯಲಹಂಕದ ಮಿಡ್ಲ್ ಸ್ಕೂಲಿನ ಮೇಷ್ಟ್ರು. ಮನೆ ಪುಟ್ಟೇನಹಳ್ಳಿಯಲ್ಲಿ, ಕೆರೆ ಏರಿಯ ಕೆಳಗೆ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ದೊಡ್ಡವರಿಗೂ ಪಾಠ ಹೇಳಬೇಕೆಂಬ ಉತ್ಸಾಹ ಎಲ್ಲ ಕಡೆ ಹಬ್ಬಿತ್ತಲ್ಲ, ಆಗ ನನ್ನ ಪಾಲಿಗೆ ಬಂದದ್ದು ಬಟ್ಟೆಯ ಮೇಲೆ ಬರೆದ ಪಟಗಳ ಒಂದು ಸುರುಳಿ. ಶ್ವಾಸಕೋಶ, ಯಕೃತ್ತು, ಮೂತ್ರಪಿಂಡ, ಕಣ್ಣು, ಹೃದಯ. ಎಲ್ಲಕ್ಕೂ ಮೊದಲಿನದು ಚರ್ಮವಿಲ್ಲದೆ ನಿಂತ ಒಬ್ಬ ಮನುಷ್ಯ. ಒಂದು ಭಾನುವಾರ ಅಟ್ಟೂರಿನಲ್ಲಿ, ಮುಂದಿನ ಭಾನುವಾರ ನಮ್ಮೂರ ಚಾವಡಿಯಲ್ಲಿ, ಬೆಳಗಿನ ಹೊತ್ತು ಆ ಪಟವನ್ನು ಗೋಡೆಗೆ ನೇತುಹಾಕಿ ನಾನು ಭಾಷಣ ಮಾಡುತ್ತಿದ್ದೆ. ಈ ಮನುಷ್ಯ ಏನು ಪಾಪ ಮಾಡಿದ್ದ, ಹೀಗೆ ಸುಲಿದಿದ್ದಾರೆ ಎಂದು ಮೊದಲ ದಿನವೇ ಒಬ್ಬ ಅಜ್ಜಿ ಕೇಳಿದ್ದಳು. ನಾನು ಮುಂದಿನ ಪಟ ಬಿಚ್ಚಿದೆ.

ಆ ಭಾಷಣಗಳಿಂದ ಊರಿಗೆ ಎಷ್ಟು ಉಪಕಾರವಾಯಿತೋ ಗೊತ್ತಿಲ್ಲ, ನನಗಂತೂ ಒಂದಾದ ಮೇಲೆ ಒಂದು ರೋಗ ಬಂತು. ಯಕೃತ್ತಿನ ಪಾಠ ಮಾಡಿದ ವಾರ ಕನ್ನಡಿಯ ಮುಂದೆ ಕಣ್ಣುರೆಪ್ಪೆ ಎಳೆದು ಹಳದಿ ಹುಡುಕುತ್ತಿದ್ದೆ. ಮೂತ್ರಪಿಂಡದ ವಾರ ಸೊಂಟ ಹಿಡಿದುಕೊಂಡು ಓಡಾಡುತ್ತಿದ್ದೆ. ಹುಟ್ಟುವಾಗಲೇ ಕಳವಳ ಹೊತ್ತು ಬಂದವನು ನಾನು. ಪಟಗಳು ಆ ಕಳವಳಕ್ಕೆ ವಿಳಾಸ ಕೊಟ್ಟವು, ಅಷ್ಟೆ. ನನ್ನ ಹೆಂಡತಿ ಮುನಿಲಕ್ಷ್ಮಮ್ಮ ಭಾನುವಾರ ಮಧ್ಯಾಹ್ನ ಮುದ್ದೆ ಬಡಿಸುತ್ತಾ, ತಲೆ ಎತ್ತದೆ ಕೇಳುತ್ತಿದ್ದಳು: "ಈ ವಾರ ಯಾವುದು?"

ಹೃದಯದ ಪಾಠ ಮಾತ್ರ ನಾನು ಹೆದರದೆ ಮಾಡುತ್ತಿದ್ದದ್ದು. ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿದ್ದದ್ದೂ ಅದೇ. ಪಟದಲ್ಲಿ 'ದ್ವಿದಳ ಕವಾಟ' ಎಂದು ಬರೆದಿತ್ತು. ಆ ಮಾತು ಹಾಗೇ ಹೇಳಿದರೆ ಯಾರ ತಲೆಗೂ ಹೋಗುವುದಿಲ್ಲವೆಂದು ನಾನು ಕೆರೆಯನ್ನು ತಂದೆ. ಶ್ವಾಸಕೋಶದಿಂದ ಶುದ್ಧವಾದ ರಕ್ತ ಬಂದು ಹೃದಯದ ಮೇಲಿನ ಕೋಣೆಯಲ್ಲಿ ನಿಲ್ಲುತ್ತದೆ, ಅದು ಕೆರೆ. ಕೆಳಗಿನ ಕೋಣೆಗೆ ಬಿಡುವ ಕವಾಟವೇ ತೂಬು. ಅಲ್ಲಿಂದಾಚೆ ಕೈ, ಕಾಲು, ತಲೆ ಎಲ್ಲ ನಮ್ಮ ಗದ್ದೆಗಳು. ತೂಬು ಸರಿಯಾಗಿ ತೆರೆಯದಿದ್ದರೆ ಏನಾಗುತ್ತದೆ ಎಂದು ಕೇಳಿದರೆ ಜನರೇ ಹೇಳುತ್ತಿದ್ದರು, ಕೆಳಗೆ ಒಣಗುತ್ತದೆ, ಮೇಲೆ ಹಿನ್ನೀರು ಏರುತ್ತದೆ ಎಂದು. ಸರಿಯಾಗಿ ಹೇಳಿದಿರಿ, ಆ ಹಿನ್ನೀರು ಏರುವುದು ಶ್ವಾಸಕೋಶಕ್ಕೆ, ಅದಕ್ಕೇ ಅಂಥವರಿಗೆ ಏದುಸಿರು, ಆಮೇಲೆ ಕಾಲು ಊದುವುದು, ಅಂಥವರು ಉಪ್ಪು ಬಿಡಬೇಕು, ಉಪ್ಪು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂದು ನಾನು ಮುಂದುವರಿಸುತ್ತಿದ್ದೆ. ಚಾವಡಿಯಲ್ಲಿ ತಲೆಗಳು ಅಲ್ಲಾಡುತ್ತಿದ್ದವು. ಮೇಷ್ಟ್ರಿಗೆ ಅದಕ್ಕಿಂತ ಸುಖ ಬೇರೆ ಇಲ್ಲ.

ಒಂದು ಸಲ ಪಿಳ್ಳಪ್ಪ ಎದ್ದು ನಿಂತ. ಪಿಳ್ಳಪ್ಪ ನಮ್ಮ ಕೆರೆಯ ನೀರುಗಂಟಿ. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಯಾವಾಗ ನೀರು ಎಂದು ಸರದಿ ಕೂಗುವುದು ಅವನ ಕೆಲಸ.

"ಸ್ವಾಮಿ, ನಮ್ ತೂಬು ಸಿಕ್ಕಾಕ್ಕಂಡ್ರೆ ನಾನು ಮುಳುಗಿ ಬಿಡಿಸ್ತೀನಿ. ಅದ್ಕೆ ಯಾರು ಮುಳುಗ್ತಾರೆ?"

"ಅಲ್ಲಿಗೆ ಯಾರೂ ಮುಳುಗೋಕಾಗಲ್ಲ ಪಿಳ್ಳಪ್ಪ. ಒಂದ್ಸಲ ಕಲ್ಲಾಯ್ತು ಅಂದ್ರೆ ಆಯ್ತು. ಇರೋ ನೀರಲ್ಲಿ ಇರೋಷ್ಟು ದಿನ, ಅಷ್ಟೆ."

ಎಷ್ಟು ಸೊಗಸಾಗಿ ಹೇಳಿದೆ ಎಂದು ನನಗೇ ಅನ್ನಿಸಿತು. ಹೆಂಗಸರ ಸಾಲಿನಲ್ಲಿ ಮುನಿಲಕ್ಷ್ಮಮ್ಮ ಮೊರದಲ್ಲಿ ಅವರೆಕಾಳು ಇಟ್ಟುಕೊಂಡು ಹುಳುಕು ಆರಿಸುತ್ತಾ ಕೂತಿದ್ದಳು. ಕೇಳಿಸಿಕೊಳ್ಳುತ್ತಿದ್ದಾಳೋ ಇಲ್ಲವೋ ಎಂದು ನೋಡಿದ ನೆನಪು. ಅವಳ ಕೈ ಮಾತ್ರ ಆಡುತ್ತಿತ್ತು.

ಐವತ್ತರ ದಶಕ ಮುಗಿಯುವ ಹೊತ್ತಿಗೆ ನನಗೆ ಏರಿ ಹತ್ತುವುದು ಕಷ್ಟವಾಗತೊಡಗಿತು. ಸ್ಕೂಲಿಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದವನು ಏರು ಬಂದಲ್ಲಿ ಇಳಿದು ತಳ್ಳಿದೆ. ಆಮೇಲೆ ಸಮತಟ್ಟಿನಲ್ಲೂ ಇಳಿದೆ. ಯಾರಾದರೂ ಎದುರು ಬಂದರೆ ಚೈನು ನೋಡುವವನ ಹಾಗೆ ಬಗ್ಗುತ್ತಿದ್ದೆ. ನನ್ನ ಸೈಕಲ್ಲಿನ ಚೈನು ಆ ವರ್ಷ ಕಳಚಿದಷ್ಟು ಸಲ ಮೈಸೂರು ಸೀಮೆಯಲ್ಲಿ ಯಾವ ಚೈನೂ ಕಳಚಿರಲಾರದು. ಹೆಂಡತಿಗೆ ಹೇಳಿದೆ. "ಈ ವಾರ ಯಾವುದು?" ಎಂದಳು. ತಪ್ಪು ಅವಳದಲ್ಲ. ಕರೆದಾಗಲೆಲ್ಲ ಬಾರದ ಹುಲಿ ಈ ಸಲ ಬಂದಿದೆಯೆಂದು ನನಗೇ ನಂಬಿಕೆ ಇರಲಿಲ್ಲ.

ಒಂದು ಬೆಳಗ್ಗೆ ಕೆಮ್ಮಿದಾಗ ಕರವಸ್ತ್ರದಲ್ಲಿ ರಕ್ತದ ಒಂದು ಎಳೆ ಕಂಡಿತು. ಕ್ಷಯ ಎಂದುಕೊಂಡೆ. ಹೆದರಿಕೆಯ ಜೊತೆಗೆ ಒಂದು ತರಹ ಸಮಾಧಾನವೂ ಆಯಿತು ಎಂದರೆ ನೀವು ನಗಬಹುದು. ಕ್ಷಯಕ್ಕೆ ಆಗ ಸೂಜಿಮದ್ದು ಬಂದಿತ್ತು, ವಾಸಿಯಾಗಿ ಬಂದವರನ್ನು ಕಣ್ಣಾರೆ ಕಂಡಿದ್ದೆ. ಸಿಟಿ ಬಸ್ಸು ಹತ್ತಿ ದೊಡ್ಡಾಸ್ಪತ್ರೆಗೆ ಹೋಗುವಾಗ ದಾರಿಯುದ್ದಕ್ಕೂ, ದೇವರೇ ಕ್ಷಯವೇ ಆಗಲಿ ಎಂದು ಬೇಡಿಕೊಂಡೆ. ಇಂಥ ಹರಕೆ ಹೊತ್ತವನು ನಾನೊಬ್ಬನೇ ಇರಬೇಕು. ಒಬ್ಬನೇ ಹೋಗಿದ್ದೆ. ಬರುತ್ತೇನೆ ಎಂದ ಹೆಂಡತಿಗೆ, ಸುಮ್ಮನೆ ಒಂದು ಟಾನಿಕ್ಕಿಗೆ ಇಬ್ಬರು ಯಾಕೆ ಎಂದಿದ್ದೆ.

ಆಸ್ಪತ್ರೆಯ ಬೆಂಚುಗಳ ಬಗ್ಗೆ ಒಂದು ಮಾತು. ಎದೆರೋಗದವರ ಬೆಂಚಿನಲ್ಲಿ ಎಲ್ಲರಿಗೂ ಬೇಕಾದ ಜಾಗ ಗೋಡೆಯ ಮೂಲೆ. ಅಲ್ಲಿ ಒರಗಿದರೆ ಉಸಿರು ಕೊಂಚ ಸುಲಭ. ನಾನು ಹೋದ ದಿನ ಆ ಮೂಲೆಯಲ್ಲಿ ಯಶವಂತಪುರದ ರೈಲ್ವೆ ಯಾರ್ಡಿನ ಒಬ್ಬ ಮನುಷ್ಯ ಕೂತಿದ್ದ. ನನ್ನ ಉಸಿರಾಟ ನೋಡಿ ಏನೂ ಕೇಳದೆ ಎದ್ದು ಜಾಗ ಬಿಟ್ಟ. ನಂತರ ಪಂಚೆ ಮೇಲೆತ್ತಿ ಮೊಳಕಾಲ ಕೆಳಗೆ ಹೆಬ್ಬೆರಳು ಒತ್ತಿ ತೋರಿಸಿದ. ಹಸಿ ಮಣ್ಣಿನಲ್ಲಿ ಒತ್ತಿದ ಹಾಗೆ ಗುಳಿ ಬಿತ್ತು, ಬಿದ್ದದ್ದು ಹಾಗೇ ಇತ್ತು. ಅದು ತುಂಬುವ ತನಕ ಇಬ್ಬರೂ ನೋಡುತ್ತಾ ಕೂತೆವು. ನೀವು ಓದಿದೋರ ಹಂಗೆ ಕಾಣ್ತೀರಿ, ಡಾಕ್ಟ್ರು ನಂಗೇನೋ ಇಂಗ್ಲೀಷಲ್ಲಿ ಅಂದ್ರು, ಏನದು ಎಂದು ಕೇಳಿದ. ಅವನು ತೊದಲಿ ಒಪ್ಪಿಸಿದ ಇಂಗ್ಲೀಷು ಮಾತು ನನ್ನ ಪಟದ ಕವಾಟದ್ದೇ. ಕೆರೆ, ತೂಬು, ಗದ್ದೆ ಎಲ್ಲವೂ ಬಾಯಿಗೆ ಬಂದವು. ಇರೋಷ್ಟು ದಿನ ಎಂಬ ಕೊನೆಯ ಮಾತು ಬಿಟ್ಟು ಉಳಿದದ್ದನ್ನು ಹೇಳಿದೆ. ಅವನಿಗೆ ಬಹಳ ಸಂತೋಷವಾಯಿತು. ಇಷ್ಟೇನಾ, ಇಷ್ಟು ದಿನ ಯಾರೂ ಹೇಳಲಿಲ್ಲವಲ್ಲ ಎಂದ.

ಡಾಕ್ಟರು ವಯಸ್ಸಾದವರು, ಮೆತ್ತನೆಯ ಮಾತಿನವರು. ಎದೆಯ ಮೇಲೆ ಬೆರಳು ತಟ್ಟಿ, ಕೊಳವೆ ಇಟ್ಟು, ಎಡಕ್ಕೆ ಮಲಗಿಸಿ ಬಹಳ ಹೊತ್ತು ಕೇಳಿದರು. ಚಿಕ್ಕವನಿದ್ದಾಗ ಕೀಲುಗಳು ಊದಿ ಜ್ವರ ಬಂದಿತ್ತೇ ಎಂದು ವಿಚಾರಿಸಿದರು. ಬಂದಿತ್ತು. ಮಂಡಿ, ಮಣಿಕಟ್ಟು ಒಂದಾದ ಮೇಲೊಂದು ಊದಿಕೊಂಡು, ಮಳೆಗಾಲವೆಲ್ಲ ಮಲಗಿದ್ದೆ. ಅಮ್ಮ ಹರಳೆಣ್ಣೆ ಹಚ್ಚಿದ್ದಳು. ವಾಸಿಯಾಯಿತೆಂದು ಎಲ್ಲರೂ ಮರೆತರು. ಕೀಲು ಬಿಟ್ಟ ಜ್ವರ ಅಲ್ಲಿಂದ ಎಲ್ಲಿಗೆ ಹೋಗಿ ಕೂರುತ್ತದೆ ಎಂಬುದು ನನ್ನ ಪಟದ ಸುರುಳಿಯಲ್ಲಿ ಇರಲಿಲ್ಲ. ಜಗತ್ತಿನ ಅಷ್ಟೂ ರೋಗಗಳಿಗೆ ಹೆದರಿದವನು, ಮೂವತ್ತು ವರ್ಷ ಒಳಗೇ ಇಟ್ಟುಕೊಂಡು ತಿರುಗಿದ ಒಂದಕ್ಕೆ ಮಾತ್ರ ಹೆದರಿರಲಿಲ್ಲ.

ಕತ್ತಲೆ ಕೋಣೆಯಲ್ಲಿ ನಿಲ್ಲಿಸಿ ಎಕ್ಸ್‌ರೇ ಪರದೆಯಲ್ಲಿ ನೋಡಿದರು. ಹೊರಗೆ ಬಂದು ಕೂತು, ಕನ್ನಡಕ ಒರೆಸಿಕೊಂಡರು. ಮದರಾಸಿನ ಕಡೆ ಈಚೆಗೆ ಎದೆ ತೆರೆದು, ಹೃದಯ ಬಡಿಯುತ್ತಿರುವಾಗಲೇ ಒಳಗೆ ಬೆರಳು ಹಾಕಿ ಕವಾಟ ಬಿಡಿಸುತ್ತಾರೆ ಎಂದರು. ನನ್ನ ಪ್ರಾಣ ಎದ್ದು ಕೂತಿತು. ಪಿಳ್ಳಪ್ಪನಿಗೆ ನಾನು ಕೊಟ್ಟ ಉತ್ತರ ತಪ್ಪು, ಮುಳುಗುವವರು ಹುಟ್ಟಿದ್ದಾರೆ ಎಂದುಕೊಂಡೆ. ತಪ್ಪು ಹೇಳಿದ್ದಕ್ಕೆ ಅಷ್ಟು ಸಂತೋಷಪಟ್ಟ ಮೇಷ್ಟ್ರು ಇನ್ನೊಬ್ಬನಿಲ್ಲ.

"ನಿಮಗೆ ಅದು ಆಗೋಲ್ಲ ಮೇಷ್ಟ್ರೇ," ಎಂದರು. "ಸುಣ್ಣ ಕಟ್ಟಿಬಿಟ್ಟಿದೆ. ಬೆರಳು ಹಾಕಿದ್ರೆ ಬಿಡಿಸ್ಕೊಳಲ್ಲ, ಒಡೆಯುತ್ತೆ. ಮೊದಲೇ ಬಂದಿದ್ರೆ ನೋಡಬಹುದಿತ್ತು."

ಮಾತ್ರೆ ಕೊಟ್ಟರು, ನೀರು ಹೋಗಲು ಸೂಜಿ ಎಂದರು, ಉಪ್ಪು ಬಿಡಿ ಎಂದರು, ಏರು ಹತ್ತಬೇಡಿ ಎಂದರು. ಎಷ್ಟು ದಿನ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಎದ್ದು ಬರುವಾಗ, ಮನೆಯವರು ಜೊತೆಗೆ ಬಂದಿದ್ದಾರೆಯೇ ಎಂದು ಕೇಳಿದರು. ಇಲ್ಲವೆಂದೆ. ಮುಂದಿನ ಸಲ ಕರೆದುಕೊಂಡು ಬನ್ನಿ ಎಂದರು. ಆ ಮಾತಿನ ಅರ್ಥ ನನಗೆ ಯಾವ ಪಟವೂ ಇಲ್ಲದೆ ತಿಳಿಯಿತು.

ಬಸ್ಸು ಹೆಬ್ಬಾಳ ದಾಟುವಾಗ ಕೆರೆಯ ನೀರಿನ ನಡುವೆ ತೂಬಿನ ಕಲ್ಲುಗಂಬಗಳು ನಿಂತಿದ್ದವು. ಅವನ್ನು ನೋಡಲಾರದೆ ಬಸ್ಸಿನ ಇನ್ನೊಂದು ಕಡೆಗೆ ಮುಖ ಮಾಡಿ ಕೂತೆ. ಯಲಹಂಕ ಬರುವಷ್ಟರಲ್ಲಿ ಒಂದೇ ಒಂದು ನಿರ್ಧಾರ ಮಾಡಿದ್ದೆ. ಮುನಿಲಕ್ಷ್ಮಮ್ಮನಿಗೆ ಇದು ಗೊತ್ತಾಗಬಾರದು. ಒಬ್ಬಳೇ ಮಗಳನ್ನು ದೇವನಹಳ್ಳಿಗೆ ಕೊಟ್ಟಾಗಿತ್ತು. ಮನೆಯಲ್ಲಿ ನಾವಿಬ್ಬರೇ. ಉಳಿದಿರುವ ದಿನಗಳಲ್ಲಿ ಅವಳು ನನ್ನನ್ನು ನೋಡುವ ನೋಟ ಬದಲಾಗಬಾರದು, ಮುದ್ದೆ ಬಡಿಸುತ್ತಾ ಈ ವಾರ ಯಾವುದು ಎಂದು ಕೇಳುತ್ತಲೇ ಇರಬೇಕು. ನನಗೆ ಬೇಕಾದದ್ದು ಅಷ್ಟೇ ಆಗಿತ್ತು. ದಾರಿಯಲ್ಲಿ ಮಾತನ್ನು ಬಾಯಿಪಾಠ ಮಾಡಿಕೊಂಡೆ.

"ರಕ್ತ ಕಮ್ಮಿಯಂತೆ," ಎಂದೆ. "ಮಾತ್ರೆ ಕೊಟ್ಟಿದ್ದಾರೆ. ಮತ್ತೆ ಸುಸ್ತು ಮಾಡ್ಕೋಬಾರ್ದಂತೆ."

"ಔದಾ," ಎಂದಳು. ಕಾಲು ತೊಳೆಯಲು ನೀರು ಕೊಟ್ಟಳು. ನಾನು ಬಗ್ಗಿ ಕಾಲು ತೊಳೆಯುವಾಗ ಅವಳು ನನ್ನ ಪಾದ ನೋಡುತ್ತಿದ್ದಳು ಎಂಬುದು ಆಗ ನನ್ನ ಗಮನಕ್ಕೆ ಬರಲಿಲ್ಲ.

ಉಪ್ಪಿನ ವಿಷಯ ಹೇಗೆ ತೆಗೆಯುವುದೆಂದು ಯೋಚಿಸುತ್ತಿದ್ದೆ. ಅಗತ್ಯವೇ ಬೀಳಲಿಲ್ಲ. ಮಾರನೆಯ ದಿನದಿಂದ ಸಾರು ಸಪ್ಪೆಯಾಗಿ ಬಂತು. ಉಪ್ಪು ಮರೆತಳೆಂದುಕೊಂಡೆ. ದಿನವೂ ಮರೆಯುತ್ತಿದ್ದಾಳಲ್ಲ, ಪಾಪ ವಯಸ್ಸಾಯಿತು ಎಂದೂ ಅಂದುಕೊಂಡೆ. ಕೆಲವು ದಿನಗಳಲ್ಲಿ ನನ್ನ ಹಾಸಿಗೆಯ ತಲೆಯ ಕಡೆ ಗೋಣಿಚೀಲಕ್ಕೆ ರಾಗಿಹುಲ್ಲು ತುಂಬಿ ಹೊಲಿದ ಒಂದು ದಪ್ಪ ದಿಂಬು ಬಂದು ಕೂತಿತು. ಮನೆಯಲ್ಲಿ ಹುಲ್ಲು ಹೆಚ್ಚಾಗಿತ್ತು, ಅದಕ್ಕೇ ಮಾಡಿದೆ ಎಂದಳು. ಅದಕ್ಕೆ ಒರಗಿ ಅರ್ಧ ಕೂತು ಮಲಗಿದರೆ ನಿದ್ದೆ ಬರುತ್ತಿತ್ತು. ಚಪ್ಪಟೆ ಮಲಗಿದರೆ ಎದೆಯಲ್ಲಿ ನೀರು ಕುದಿದ ಸದ್ದು. ನನ್ನಂತೆ ಈ ಕಾಯಿಲೆ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ರಾಗಿಹುಲ್ಲಿನ ದಿಂಬು ಮಾಡಿಸಿಕೊಳ್ಳಿ. ಹತ್ತಿಯದು ಕುಸಿಯುತ್ತದೆ. ನನ್ನಿಂದ ನಿಮಗೆ ಸಿಗಬಹುದಾದ ವೈದ್ಯಕೀಯ ಸಲಹೆ ಇದೊಂದೇ.

ನನ್ನ ಸುಳ್ಳು ಫಲಿಸಿತೆಂದು ಹೆಮ್ಮೆಪಟ್ಟೆ. ಊರಿಗೂ ಅದನ್ನೇ ಹೇಳಿದೆ. ಊರು ತಲೆಯಾಡಿಸಿತು. ಆಮೇಲೆ ಒಂದು ವಿಚಿತ್ರ ಕಂಡಿತು. ನನ್ನ ಜೊತೆ ನಡೆದುಕೊಂಡು ಬರುವವರೆಲ್ಲ ದಾರಿಯಲ್ಲಿ ಅಲ್ಲಲ್ಲಿ ನಿಂತು ಆಕಾಶ ನೋಡುತ್ತಿದ್ದರು. ಮಳೆ ಬರುತ್ತದೋ ಇಲ್ಲವೋ ಎನ್ನುತ್ತಿದ್ದರು. ಒಬ್ಬ ನಿಂತು ಯಾರದೋ ಹೊಲದ ಹುರುಳಿ ನೋಡಿದ, ಇನ್ನೊಬ್ಬ ಚಪ್ಪಲಿಯಲ್ಲಿ ಮುಳ್ಳು ಹುಡುಕಿದ. ಅಷ್ಟರಲ್ಲಿ ನನಗೆ ಉಸಿರು ಸಿಗುತ್ತಿತ್ತು. ನಮ್ಮೂರ ಜನಕ್ಕೆ ಇದ್ದಕ್ಕಿದ್ದ ಹಾಗೆ ಪ್ರಕೃತಿಯ ಮೇಲೆ ಇಷ್ಟು ಪ್ರೀತಿ ಹೇಗೆ ಹುಟ್ಟಿತೆಂದು ಆಶ್ಚರ್ಯಪಟ್ಟವನು ನಾನು.

ಭಾನುವಾರದ ಭಾಷಣ ಬಿಟ್ಟಿರಲಿಲ್ಲ, ಕೂತು ಮಾಡುತ್ತಿದ್ದೆ. ಒಂದು ವಾರ ಸುರುಳಿಯಿಂದ ಹೃದಯದ ಪಟ ಬಿಚ್ಚಿದೆ. ಧೈರ್ಯ ತೋರಿಸಿಕೊಳ್ಳುವ ಚಪಲ ಇರಬೇಕು. ಪಿಳ್ಳಪ್ಪ ಎದ್ದು ಬಂದು, ಕೈ ಒರೆಸಿಕೊಂಡು, ಆ ಪಟವನ್ನು ತಾನೇ ಮೆಲ್ಲಗೆ ಸುತ್ತಿದ.

"ಇದು ಆಯ್ತಲ್ಲ ಸ್ವಾಮಿ. ಕಣ್ಣಿಂದು ಏಳಿ. ಕಣ್ಣಿಂದು ಚೆನ್ನಾಗಿರ್ತದೆ."

ಚಾವಡಿಯಲ್ಲಿ ಯಾರೂ ನಗಲಿಲ್ಲ. ನಾನು ಕಣ್ಣಿನದು ಹೇಳಿದೆ. ಆಗಲಾದರೂ ನನಗೆ ಅರ್ಥವಾಗಬೇಕಿತ್ತು. ಆಗಲಿಲ್ಲ. ಬುದ್ಧಿವಂತಿಕೆ ಎನ್ನುವುದು ನನ್ನಲ್ಲಿ ಯಾವಾಗಲೂ ಎಡಕ್ಕೆ ವಾಲಿಕೊಂಡೇ ಇದ್ದದ್ದು.

ಮತ್ತೆ ಆಸ್ಪತ್ರೆಗೆ ಹೋದಾಗ ಯಶವಂತಪುರದವನು ಬಂದಿರಲಿಲ್ಲ. ಅದರ ಮುಂದಿನ ಸಲವೂ ಇಲ್ಲ. ಯಾರನ್ನೂ ಕೇಳಲಿಲ್ಲ. ಮೂಲೆಯ ಜಾಗ ಖಾಲಿ ಇತ್ತು, ಅಲ್ಲಿ ನನ್ನ ಕೊಡೆ ಒರಗಿಸಿ ನಾನು ಪಕ್ಕದಲ್ಲಿ ಕೂತೆ. ಹೊಸಬಳೊಬ್ಬಳು ಏದುಸಿರು ಬಿಡುತ್ತಾ ಬಂದಾಗ ಕೊಡೆ ತೆಗೆದು ಜಾಗ ಕೊಟ್ಟೆ. ಡಾಕ್ಟರು ಮನೆಯವರೆಲ್ಲಿ ಎಂದು ಕೇಳಿದರು. ಸುಗ್ಗಿ ಕಾಲ ಎಂದೆ. ಅದು ಆಷಾಢ. ಅವರು ಚೀಟಿ ಬರೆಯತೊಡಗಿದರು.

ಆ ವರ್ಷ ಮಳೆ ಚೆನ್ನಾಗಿ ಬಂದು ಕೆರೆ ತುಂಬಿತು. ನಾಟಿ ಮುಗಿದ ಮೇಲೆ ಗದ್ದೆಗಳಿಗೆ ಸರದಿಯ ನೀರು ಶುರುವಾಯಿತು. ನಮ್ಮೂರಲ್ಲಿ ಇದಕ್ಕೊಂದು ಕ್ರಮವಿದೆ. ಬೆಳಗ್ಗೆ ಪಿಳ್ಳಪ್ಪ ಏರಿಯ ಮೇಲೆ ನಿಂತು ಗದ್ದೆ ಯಜಮಾನನ ಹೆಸರು ಕೂಗುತ್ತಾನೆ. ಕೆಳಗಿನಿಂದ "ಇದ್ದೀನಿ" ಎಂದು ಓಗೊಡಬೇಕು. ಓಗೊಡದಿದ್ದರೆ ಸರದಿ ಮುಂದಿನವನಿಗೆ. ನಮ್ಮ ಎರಡು ಮಡಿ ಗದ್ದೆ ಮುನಿಲಕ್ಷ್ಮಮ್ಮನಿಗೆ ಅವಳ ತವರಿನಿಂದ, ಅಲ್ಲಾಳಸಂದ್ರದ ಅಪ್ಪನಿಂದ ಬಂದದ್ದು. ಬಿತ್ತುವುದು, ನೀರು ಕಟ್ಟುವುದು, ಕುಯ್ಯಿಸುವುದು ಎಲ್ಲ ಅವಳೇ. ಮದುವೆಯಾದಾಗಿನಿಂದ ಪಿಳ್ಳಪ್ಪ, ಅವನಿಗೆ ಮೊದಲು ಅವನಪ್ಪ, ಕೂಗುತ್ತಿದ್ದದ್ದು ಮಾತ್ರ "ಮೇಷ್ಟ್ರೂ" ಎಂದು. ಅವಳು ಸನಿಕೆ ಹಿಡಿದು ನನ್ನ ಪರವಾಗಿ ಇದ್ದೀನಿ ಎನ್ನುತ್ತಿದ್ದಳು. ಆ ಗದ್ದೆಗೆ ನಾನು ಮಾಡಿದ ಬೇಸಾಯ ಎಂದರೆ ನನ್ನ ಹೆಸರು, ಅಷ್ಟೆ. ಹೆಂಗಸಿನ ಹೆಸರು ಕೂಗುವುದು ಊರಲ್ಲಿ ಎರಡೋ ಮೂರೋ ಮನೆಗೆ. ಗಂಡಸು ತೀರಿಕೊಂಡ ಮನೆಗೆ.

ಆ ಬೆಳಗ್ಗೆ ನನಗೆ ಯಾಕೋ ಉಸಿರು ಹಗುರವಾಗಿತ್ತು. ನಿಂತು ನಿಂತು ಏರಿ ಹತ್ತಿ ತೂಬಿನ ಹತ್ತಿರದ ಕಲ್ಲಿನ ಮೇಲೆ ಕೂತೆ. ಕೆಳಗೆ ಹಸಿರು ಎಳೆಪೈರು, ನಡುವೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಅವಳು. ಪಿಳ್ಳಪ್ಪ ನನ್ನನ್ನು ನೋಡಿ ಒಂದು ಕ್ಷಣ ತಡೆದ. ತೂಬು ಎತ್ತಿದ. ಒಬ್ಬೊಬ್ಬರನ್ನೇ ಕೂಗಿದ. ನಮ್ಮ ಮಡಿಯ ಸರದಿ ಬಂತು. ಅವನು ನನಗೆ ಬೆನ್ನು ಮಾಡಿ ನಿಂತು ಕೂಗಿದ.

"ಮುನಿಲಕ್ಷ್ಮಮ್ಮಾ..."

ನಾನು ತಿರುಗಿ ನೋಡಿದೆ, ಬೇರೆ ಯಾರಾದರೂ ಆ ಹೆಸರಿನವರು ಇದ್ದಾರೇನೋ ಎಂದು. ಕೆಳಗಿನಿಂದ "ಇದ್ದೀನಿ" ಎಂದು ಅವಳ ದನಿ ಬಂತು. ಸನಿಕೆಯಿಂದ ಕಾಲುವೆಯ ಮಣ್ಣು ತೆಗೆದಳು. ನೀರು ನಮ್ಮ ಗದ್ದೆಗೆ ತಿರುಗಿತು.

ಊರೆಲ್ಲ ನನ್ನ ಪಾಠವನ್ನು ಎಷ್ಟು ಚೆನ್ನಾಗಿ ಕಲಿತಿತ್ತು ಎಂಬುದು ಆ ಕಲ್ಲಿನ ಮೇಲೆ ಕೂತು ನನಗೆ ತಿಳಿಯಿತು. ಏದುಸಿರು, ಊದಿದ ಪಾದ, ಕಲ್ಲಾದ ತೂಬು, ಇರೋಷ್ಟು ದಿನ. ನಾನೇ ಪಟ ಬಿಚ್ಚಿ ಹೇಳಿಕೊಟ್ಟದ್ದು. ಅವರು ರೋಗವನ್ನು ನನ್ನ ಮೈಯಲ್ಲಿ ಓದಿಕೊಂಡಿದ್ದರು, ನನಗಿಂತ ಮೊದಲೇ. ರಕ್ತ ಕಮ್ಮಿ ಎಂದಾಗ ತಲೆಯಾಡಿಸಿದ್ದು ಮರ್ಯಾದೆಗೆ.

ನೀರು ಕಟ್ಟಿ ಮುಗಿಸಿ ಅವಳು ಏರಿ ಹತ್ತಿ ಬಂದಳು. ಮೊಳಕಾಲ ತನಕ ಕೆಸರು. ನನ್ನ ಪಕ್ಕ ಕೂತಳು. ಪಿಳ್ಳಪ್ಪ ಕೋಡಿ ನೋಡಿ ಬರುತ್ತೇನೆಂದು ದೂರ ಹೋದ.

"ನಾನಿನ್ನೂ ಇದೀನಲ್ಲೇ," ಎಂದೆ. ತಮಾಷೆಯ ದನಿಯಲ್ಲಿ ಹೇಳಬೇಕೆಂದಿದ್ದೆ. ದನಿ ಹಾಗೆ ಬರಲಿಲ್ಲ.

"ನಾನೇ ಏಳ್ದೆ ಪಿಳ್ಳಪ್ಪಂಗೆ, ಇಂಗೆ ಕೂಗು ಅಂತ," ಎಂದಳು. ಕಾಲಿನ ಕೆಸರನ್ನು ಹುಲ್ಲಿಗೆ ಒರೆಸಿಕೊಳ್ಳುತ್ತಿದ್ದಳು. "ಅವ್ನು ಒಪ್ಲಿಲ್ಲ, ಬೈದ. ಒಂದಿನ ಇದ್ದಕ್ಕಿದ್ದಂಗೆ ಒಬ್ಳೇ ನಿಂತ್ಕಂಡು ಅದನ್ನ ಕೇಳೋಕೆ ನನ್ ಕೈಲಾಗಲ್ಲ. ನೀವು ಇರೋವಾಗ್ಲೇ ಕೇಳಿ ಅಭ್ಯಾಸ ಮಾಡ್ಕೊಂತೀನಿ."

 ಅವರೆಕಾಳು ಆರಿಸುವಾಗಿನ ಮುಖವೇ ಇತ್ತು. ಯಾವಾಗ ಗೊತ್ತಾಯಿತು ಎಂದು ಕೇಳಿದೆ. ನೀವು ಚೈನು ನೋಡೋಕೆ ಬಗ್ಗಿದಾಗಲೇ ಎಂದಳು. ಹಾಗಾದರೆ ಆ ದಿನ ಬಸ್ಸಿನಲ್ಲಿ ಕೂತು ನಾನು ಬಾಯಿಪಾಠ ಮಾಡಿದ್ದೆಲ್ಲ ಯಾರಿಗಾಗಿ? ಉಳಿಸಿಕೊಳ್ಳಬೇಕೆಂದಿದ್ದ ಆ ನೋಟ ಆಗಲೇ ಹೋಗಿತ್ತು. ಅದು ಹೋದದ್ದು ನನಗೆ ಗೊತ್ತಾಗದ ಹಾಗೆ ಅವಳು ಕಾಪಾಡಿದ್ದಳು. ಸುಳ್ಳು ಹೇಳುವುದರಲ್ಲೂ ಅವಳೇ ಗಟ್ಟಿ. ಆ ದಿನದಿಂದ ಈ ವಾರ ಯಾವುದು ಎಂದು ಅವಳು ಕೇಳಿಲ್ಲ. ಸಾರಿಗೆ ಉಪ್ಪು ಯಾಕಿಲ್ಲ ಎಂದು ನಾನೂ ಕೇಳಿಲ್ಲ.

ಇದಾಗಿ ಕೆಲವು ವರ್ಷ ಕಳೆದಿವೆ. ಡಾಕ್ಟರಿಗೇ ಆಶ್ಚರ್ಯ. ನನಗೆ ಆಶ್ಚರ್ಯವಿಲ್ಲ, ಹೆದರುವವನು ಮೆಲ್ಲಗೆ ನಡೆಯುತ್ತಾನೆ. ಆದರೆ ಹಿನ್ನೀರು ಏರುತ್ತಲೇ ಇದೆ. ಹೋದ ವರ್ಷ ಸೈಕಲ್ಲು ಮಾರಿದೆವು. ಸ್ಕೂಲು ಬಿಟ್ಟಾಯಿತು. ಪಟದ ಸುರುಳಿ ಅಟ್ಟದ ಮೇಲಿದೆ, ಅದನ್ನು ಇಳಿಸಲು ನನಗೆ ಉಸಿರಿಲ್ಲ. ಇಂಥ ಕಾಯಿಲೆಯವರಿಗೆ ಆಶೆಯ ಮಾತೇನಾದರೂ ಹೇಳಬೇಕೆಂದು ಬರೆಯಲು ಕೂತೆ. ಹುಡುಕಿದೆ, ಸಿಗಲಿಲ್ಲ. ದಿಂಬು ಹೇಳಿದ್ದೇನೆ. ನಿಮ್ಮ ಜೊತೆ ನಡೆಯುವವರು ಆಕಾಶ ನೋಡಲು ನಿಂತರೆ ನೀವೂ ನಿಂತು ನೋಡಿ, ಕಾರಣ ಕೇಳಬೇಡಿ. ಇಷ್ಟೇ.

ಈ ಸಲ ನನಗೆ ಏರಿ ಹತ್ತಲಾಗಲಿಲ್ಲ. ಜಗಲಿಯಲ್ಲಿ ದಿಂಬಿಗೆ ಒರಗಿ ಕೂರುತ್ತೇನೆ. ಬೆಳಗ್ಗೆ ಪಿಳ್ಳಪ್ಪನ ಕೂಗು ಇಲ್ಲಿಗೂ ಬರುತ್ತದೆ. ಈಗ ಅವನು ತಡೆಯುವುದಿಲ್ಲ, ಎಷ್ಟೋ ವರ್ಷದಿಂದ ಅದೇ ಹೆಸರು ಕೂಗುತ್ತಿದ್ದವನ ಹಾಗೆ ಕೂಗುತ್ತಾನೆ. ಅವಳು ಓಗೊಡುವುದು ಮಾತ್ರ ಇಷ್ಟು ದೂರಕ್ಕೆ ಕೇಳಿಸುವುದಿಲ್ಲ. ಅದಕ್ಕೇ ಇರಬೇಕು, ಅವಳ ಹೆಸರು ಬಂದಾಗ ನಾನು ಇಲ್ಲಿಂದಲೇ, ಉಸಿರು ಇದ್ದಷ್ಟರಲ್ಲಿ, ಮೆಲ್ಲಗೆ ಇದ್ದೀನಿ ಎನ್ನುತ್ತೇನೆ.